ಕೆಲಸ ಇದ್ದವರಿಗೇ ಕೆಲಸ ಮಾರುವ ವಿದ್ಯಾಲಯಗಳು

ವರ್ಷಕ್ಕೆ 40 ಲಕ್ಷ ಎಣಿಸುವ ಸಾಫ್ಟ್‌ವೇರ್ ಎಂಜಿನಿಯರ್ ರಾಜೀನಾಮೆ ಬಿಸಾಕಿ, 35 ಲಕ್ಷ ಸಾಲ ಮಾಡಿ, ಒಂದು ವರ್ಷ ಎಂಬಿಎ ಓದಿ, ಕೊನೆಗೆ 35 ಲಕ್ಷದ ಕೆಲಸಕ್ಕೆ ಸೇರುವುದನ್ನು ಬೆಂಗಳೂರಿನಲ್ಲಿ ‘ಕರಿಯರ್ ಗ್ರೋತ್’ ಎನ್ನುತ್ತಾರೆ.

ಇದರಲ್ಲಿ ಕುಹಕ ಇದೆ, ಉತ್ಪ್ರೇಕ್ಷೆ ಇಲ್ಲ. ಕೆಲವು ವರ್ಷ ದುಡಿದವರಿಗೆಂದೇ ಪ್ರಮುಖ ಐಐಎಂಗಳು ಮತ್ತು ಹೈದರಾಬಾದಿನ ಐಎಸ್‌ಬಿ ನಡೆಸುವ ಒಂದು ವರ್ಷದ ಕೋರ್ಸುಗಳ ಶುಲ್ಕ ಈಗ 35ರಿಂದ 40 ಲಕ್ಷದ ಆಸುಪಾಸಿನಲ್ಲಿದೆ. ಹೆಸರಾಂತ ಸಂಸ್ಥೆಗಳು ಈಚಿನ ವರ್ಷಗಳಲ್ಲಿ ಪ್ರಕಟಿಸಿದ ಸರಾಸರಿ ಪ್ಯಾಕೇಜೂ ಹೆಚ್ಚು ಕಡಿಮೆ ಅಷ್ಟೇ. ಓದುವ ವರ್ಷದಲ್ಲಿ ಕೈತಪ್ಪುವ ಸಂಬಳವನ್ನೂ ಇದಕ್ಕೆ ಸೇರಿಸಬೇಕು. ತೆರಿಗೆ, ಪಿಎಫ್ ಕಳೆದು ಬರುತ್ತಿದ್ದ 28–30 ಲಕ್ಷ ಅಲ್ಲಿಗೆ ಹೋಯಿತು. ಕಂಪನಿ ಕೊಟ್ಟ ಷೇರುಗಳಲ್ಲಿ ಇನ್ನೂ ಕೈಗೆ ಬಾರದವು ರಾಜೀನಾಮೆಯ ದಿನವೇ ಸೊನ್ನೆ. ಅದನ್ನು ಬಿಟ್ಟರೂ ಬಾಬತ್ತು 60 ಲಕ್ಷ ದಾಟುತ್ತದೆ. 35 ಲಕ್ಷವನ್ನು ಶೇ 9ರ ಬಡ್ಡಿಯಲ್ಲಿ 10 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು 44 ಸಾವಿರ ರೂಪಾಯಿ. ಆ ಬಡ್ಡಿಗೆ ಹಳೆಯ ಪದ್ಧತಿಯಲ್ಲಿ ಸಿಗುವ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲ ಎನ್ನುವುದು ಎಷ್ಟೋ ಜನರ ಗಮನಕ್ಕೆ ಬರುವುದು ಮೊದಲ ಸಂಬಳ ಬಂದ ಮೇಲೆ.

ಪರಿಚಯದ ಹುಡುಗನೊಬ್ಬ ತನ್ನ ಲ್ಯಾಪ್‌ಟಾಪಿನಲ್ಲಿ ಈ ಲೆಕ್ಕದ ಎಕ್ಸೆಲ್ ಹಾಳೆ ತೋರಿಸಿದ. ಎಡಗಡೆ ‘ಈಗಿನ ಕೆಲಸ’, ಬಲಗಡೆ ‘ಎಂಬಿಎ ನಂತರ’. ಎಡಗಡೆಯ ಸಂಬಳ ವರ್ಷಕ್ಕೆ ಶೇ 8 ಏರುತ್ತದೆ, ಬಲಗಡೆಯದು ಶೇ 18. ಈ 18 ಎಲ್ಲಿಂದ ಬಂತು ಅಂದೆ. ‘ಎಲ್ಲರೂ ಹಾಗೇ ಹಾಕ್ತಾರೆ ಸರ್’ ಅಂದ. ಮೌಸ್ ಒತ್ತಿ ಕೆಳಗೆ ಎಳೆದಷ್ಟೂ ಬಲಗಡೆಯ ಸಂಬಳ ಏರುತ್ತಲೇ ಹೋಗುತ್ತದೆ, ಎಂಟನೇ ವರ್ಷಕ್ಕೆ ಕೋಟಿ. ಅರಸೀಕೆರೆ ಕಡೆಯ ತೆಂಗಿನ ತೋಟದವರಾದ ಅವನ ಅಪ್ಪ ಪಕ್ಕದಲ್ಲೇ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: ‘ಅಷ್ಟು ದುಡ್ಡು ಇಸ್ಕೊಳೋರು, ಕೆಲಸ ಕೊಡಿಸ್ತೀವಿ ಅಂತ ಬರೆದುಕೊಡ್ತಾರೇನಪ್ಪಾ?’ ಬರೆದುಕೊಡುವುದಿಲ್ಲ. ಪ್ಲೇಸ್‌ಮೆಂಟ್ ಗ್ಯಾರಂಟಿ ಅಲ್ಲ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ.

ಹಾಗೆಂದು ಈ ಹುಡುಗರನ್ನು ದುರಾಸೆಯವರೆಂದು ಬೈಯುವ ಸಾಲಿಗೆ ನಾನು ಸೇರುವುದಿಲ್ಲ. ಸಿಇಟಿಯಲ್ಲಿ ಸರ್ಕಾರಿ ಸೀಟು ಪಡೆದು ಎಂಜಿನಿಯರ್ ಆದವರು ಈಗ ಮ್ಯಾನೇಜರ್ ಆಗಲು ಹೊರಟು ಜನರ ದುಡ್ಡು ಹಾಳುಮಾಡಿದರು ಎಂಬುದು ಸೋಮಾರಿ ಟೀಕೆ. ಅವರು ಎದ್ದು ಹೋಗಲು ಕಾರಣವಿದೆ. ಹತ್ತು ವರ್ಷ ಕೋಡ್ ಬರೆದವನಿಗೆ ಇಲ್ಲಿನ ಬಹುತೇಕ ಕಂಪನಿಗಳಲ್ಲಿ ಮೇಲೇರಲು ಇರುವುದು ಒಂದೇ ಮೆಟ್ಟಿಲು: ಕೋಡ್ ಬಿಡು, ಜನರನ್ನು ನೋಡಿಕೋ. ನೋಡಿಕೊಳ್ಳುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ರಾತ್ರಿ ಹತ್ತಕ್ಕೆ ಅಮೆರಿಕದ ಕ್ಲೈಂಟ್ ಕಾಲ್, ಬೆಳಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡಪ್, ನಡುವೆ ಔಟರ್ ರಿಂಗ್ ರೋಡ್. ಇದು ಸಾಲದೆಂಬಂತೆ 2023ರಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಿರಿ ಎಂದರು. 2024ರ ಜುಲೈನಲ್ಲಿ ರಾಜ್ಯ ಸರ್ಕಾರದ ಮುಂದೆ ದಿನಕ್ಕೆ 14 ಗಂಟೆ ದುಡಿಸಲು ಅನುವು ಮಾಡುವ ಪ್ರಸ್ತಾವ ಬಂತು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಬೇಕಾಯಿತು. ಇಂಥ ಊರಿನಲ್ಲಿ ಒಂದು ವರ್ಷ ತರಗತಿಯಲ್ಲಿ ಕೂರುವುದೇ ರಜೆಯಂತೆ ಕಂಡರೆ ಯಾರನ್ನು ದೂರುವುದು? ಆದರೆ ದಣಿವಿಗೆ 35 ಲಕ್ಷದ ಮದ್ದು ಬರೆದುಕೊಡುವವರನ್ನು ದೂರಲೇಬೇಕು.

ಆ ಮದ್ದು ಹೋಗಿ ಮುಟ್ಟಿಸುವುದಾದರೂ ಎಲ್ಲಿಗೆ? ಮ್ಯಾನೇಜರ್ ಕುರ್ಚಿಗೆ. 2025ರ ಜುಲೈನಲ್ಲಿ ಟಿಸಿಎಸ್ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿತ ಮಾಡುವುದಾಗಿ ಹೇಳಿದಾಗ ಕತ್ತಿ ಬೀಸಿದ್ದು ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಶ್ರೇಣಿಯ ಮೇಲೆ. ಎಐ ಕೋಡ್ ಬರೆಯುತ್ತದೆ, ಆದ್ದರಿಂದ ಮ್ಯಾನೇಜ್‌ಮೆಂಟ್ ಕಡೆ ಜಿಗಿಯೋಣ ಎನ್ನುವವರು ಆ ಸುದ್ದಿಯನ್ನು ಇನ್ನೊಮ್ಮೆ ಓದಬೇಕು. ಇದು ಬಾಣಲೆಯಿಂದ ಬೆಂಕಿಗೆ ಹಾರುವ ಲೆಕ್ಕ.

ಈಗ ಮಾರುವವರ ಕಡೆ ನೋಡೋಣ. ಬೆಂಗಳೂರು ಐಐಎಂ ಹುಟ್ಟಿದ್ದು 1973ರಲ್ಲಿ. ರಾಜ್ಯ ಸರ್ಕಾರ 100 ಎಕರೆ ಜಮೀನನ್ನು ಪುಕ್ಕಟೆ ಕೊಟ್ಟಿತು. ಅದರ ಮೊದಲ ಉದ್ದೇಶ ಸಾರ್ವಜನಿಕ ವಲಯದ ಉದ್ಯಮಗಳಿಗೆ ಆಡಳಿತಗಾರರನ್ನು ತಯಾರು ಮಾಡುವುದು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಗಳ ಊರಿನಲ್ಲಿ ಅದು ಅರ್ಥವಿದ್ದ ಉದ್ದೇಶವೇ. ಇವತ್ತು ಪ್ಲೇಸ್‌ಮೆಂಟ್ ವಾರದಲ್ಲಿ ಅಲ್ಲಿಗೆ ಮೊದಲು ಬಂದು ಕೂರುವವರು ಕನ್ಸಲ್ಟಿಂಗ್ ಮತ್ತು ಹಣಕಾಸು ಕಂಪನಿಗಳವರು.

2004ರ ಫೆಬ್ರುವರಿಯಲ್ಲಿ ಆಗಿನ ಮಾನವ ಸಂಪನ್ಮೂಲ ಸಚಿವ ಮುರಳಿ ಮನೋಹರ ಜೋಶಿ ಐಐಎಂಗಳ ವಾರ್ಷಿಕ ಶುಲ್ಕವನ್ನು ಸುಮಾರು 1.5 ಲಕ್ಷದಿಂದ 30 ಸಾವಿರಕ್ಕೆ ಇಳಿಸಲು ಆದೇಶಿಸಿದರು. ದೇಶದಾದ್ಯಂತ ಗುಲ್ಲೆದ್ದಿತು. ಅಹಮದಾಬಾದ್ ಐಐಎಂ ಪಟ್ಟು ಹಿಡಿಯಿತು. ಆಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರು ಇದೇ ನಾರಾಯಣ ಮೂರ್ತಿ. ಸಾಲ ಸಿಗುತ್ತದೆ, ಬಡವರಿಗೆ ವಿದ್ಯಾರ್ಥಿವೇತನವಿದೆ, ಸ್ವಾಯತ್ತತೆಗೆ ಕೈ ಹಾಕಬೇಡಿ ಎಂಬುದು ವಾದ. ಸರ್ಕಾರ ಬದಲಾಯಿತು, ಹೊಸ ಸಚಿವ ಅರ್ಜುನ್ ಸಿಂಗ್ ಬಂದು ಆದೇಶ ಹಿಂದಕ್ಕೆ ಪಡೆದರು. ಜೋಶಿಯವರ ದಾರಿ ದರ್ಬಾರಿನದ್ದು, ಒಪ್ಪುವಂಥದ್ದಲ್ಲ. ಆದರೆ ಸಾರ್ವಜನಿಕ ಜಮೀನಿನ ಮೇಲೆ ನಿಂತ ವಿದ್ಯಾಲಯ ಯಾವ ಲೆಕ್ಕದಲ್ಲಿ ಶುಲ್ಕ ನಿಗದಿ ಮಾಡಬೇಕು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹೂತುಹೋಯಿತು. 2017ರ ಐಐಎಂ ಕಾಯ್ದೆ ಶುಲ್ಕದ ಅಧಿಕಾರವನ್ನು ಆಡಳಿತ ಮಂಡಳಿಗಳ ಕೈಗೇ ಕೊಟ್ಟಿತು. 2023ರ ತಿದ್ದುಪಡಿಯಲ್ಲಿ ರಾಷ್ಟ್ರಪತಿಗಳು ವಿಸಿಟರ್ ಆದರು, ನಿರ್ದೇಶಕರ ನೇಮಕದಲ್ಲಿ ದೆಹಲಿಯ ಹಿಡಿತ ಬಿಗಿಯಾಯಿತು. ಶುಲ್ಕದ ಸುದ್ದಿಗೆ ಮಾತ್ರ ಯಾರೂ ಹೋಗಲಿಲ್ಲ. ಈಗ ಬೆಂಗಳೂರಿನ ಎರಡು ವರ್ಷದ ಕೋರ್ಸಿಗೆ 25 ಲಕ್ಷದ ಆಸುಪಾಸು. ಅಂದರೆ ವರ್ಷಕ್ಕೆ 12 ಲಕ್ಷ, 2004ರ ಎಂಟು ಪಟ್ಟು. ಸಾಮಾನುಗಳ ಬೆಲೆ ಈ ಅವಧಿಯಲ್ಲಿ ಇಷ್ಟೊಂದು ಏರಿಲ್ಲ.

ಏರಿಕೆಗೆ ಕೊಡುವ ಸಮರ್ಥನೆ ಇನ್ನೂ ವಿಚಿತ್ರ: ಹೊರಗೆ ಹೋದ ಮೇಲೆ ಇಷ್ಟು ಸಂಪಾದಿಸುತ್ತಾರಲ್ಲ, ಕೊಡಲಿ ಬಿಡಿ. ಅಂದರೆ ಪಾಠಕ್ಕೆ ತಗಲುವ ಖರ್ಚಿಗೂ ಶುಲ್ಕಕ್ಕೂ ಸಂಬಂಧ ಕಡಿದುಹೋಗಿ, ನಾಳೆಯ ಸಂಬಳಕ್ಕೂ ಶುಲ್ಕಕ್ಕೂ ಗಂಟು ಬಿದ್ದಿದೆ. ನನ್ನ ತಕರಾರು ಇರುವುದು ಈ ಗಂಟಿನ ಬಗ್ಗೆ. ಮಾರಾಟಕ್ಕಿರುವುದು ಓದಲ್ಲ, ಕೆಲಸ. ಕೆಲಸ ಇಲ್ಲದವನು ಸಾಲ ಮಾಡಿ ಕೆಲಸ ಕೊಂಡರೆ ಅದಕ್ಕೊಂದು ಅರ್ಥವಿದೆ. ಒಳ್ಳೆಯ ಕೆಲಸ ಕೈಯಲ್ಲೇ ಇರುವವನು ಅದನ್ನು ಬಿಟ್ಟು ಇನ್ನೊಂದನ್ನು ದುಬಾರಿಗೆ ಕೊಳ್ಳುವುದೇಕೆ? ಕೊಂಡ ಮೇಲೆ 44 ಸಾವಿರದ ಕಂತು ಅವನ ಬೆನ್ನಿಗೆ ನಿಂತು, ಅತಿ ಹೆಚ್ಚು ಕೊಡುವ ಕಂಪನಿಯ ಕಡೆಗೇ ತಳ್ಳುತ್ತದೆ. ರಾಯಚೂರಿನ ಹತ್ತಿ ಬೆಳೆಗಾರರ ಸಂಘಕ್ಕೋ ಪೀಣ್ಯದ ಸಣ್ಣ ಕಾರ್ಖಾನೆಗೋ ಹೋಗುತ್ತೇನೆ ಎಂದು ಪ್ರವೇಶದ ಪ್ರಬಂಧದಲ್ಲಿ ಬರೆದದ್ದು ಪ್ರಬಂಧದಲ್ಲೇ ಉಳಿಯುತ್ತದೆ. ಆ ಪ್ರಬಂಧಗಳದ್ದೇ ಒಂದು ದಂಧೆ. ‘ಎಂಬಿಎ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ತಿದ್ದಿಕೊಡಲು ದುಡ್ಡು ತೆಗೆದುಕೊಳ್ಳುವ ಕನ್ಸಲ್ಟಂಟರಿದ್ದಾರೆ. ಎಂಟು ವರ್ಷ ಬ್ಯಾಂಕಿನ ಪಾವತಿ ವ್ಯವಸ್ಥೆ ಕೆಡದಂತೆ ಕಾಯ್ದವಳು ಅವರ ಮಾತು ಕೇಳಿ, ಅನಾಥಾಶ್ರಮದಲ್ಲಿ ಎರಡು ಭಾನುವಾರ ಕಳೆದದ್ದನ್ನು ಮೊದಲ ಪ್ಯಾರಾದಲ್ಲಿ ಬರೆಯುತ್ತಾಳೆ.

ಗೂಗಲ್‌ನ ಸುಂದರ್ ಪಿಚೈ ಹೆಸರು ಈಗ ಬಂದೇ ಬರುತ್ತದೆ. ನಿಜ, ಎಂಜಿನಿಯರ್ ಆಗಿ ದುಡಿದು, ಆಮೇಲೆ ವಾರ್ಟನ್‌ನಲ್ಲಿ ಎಂಬಿಎ ಮಾಡಿದವರು ಅವರು. ಹಾಗಾದರೆ ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲ ಅವರನ್ನೂ ನೋಡಿ. ಮೈಕ್ರೋಸಾಫ್ಟ್ ಕೆಲಸ ಬಿಡದೆ, ವಾರಾಂತ್ಯಕ್ಕೆ ಸಿಯಾಟಲ್‌ನಿಂದ ಶಿಕಾಗೋಗೆ ವಿಮಾನ ಹತ್ತಿ ಎಂಬಿಎ ಮುಗಿಸಿದರು. ಇಬ್ಬರೂ ಒಂದೇ ಎತ್ತರಕ್ಕೆ ಹೋದರು, ಆದ್ದರಿಂದ ಇಬ್ಬರ ಉದಾಹರಣೆಯಿಂದಲೂ ಏನೂ ಸಾಬೀತಾಗುವುದಿಲ್ಲ. ಅಷ್ಟಕ್ಕೂ ನಾದೆಲ್ಲ ದಾರಿ ಹಿಡಿಯಲು ಬೆಂಗಳೂರಿನವರು ವಿಮಾನ ಹತ್ತಬೇಕಿಲ್ಲ. ಸಾಫ್ಟ್‌ವೇರ್ ಮಂದಿಗೆಂದೇ, ಕೆಲಸ ಬಿಡದೆ ಓದುವ ಕೋರ್ಸನ್ನು ಬೆಂಗಳೂರು ಐಐಎಂ 1998ರಲ್ಲೇ ತೆರೆದಿತ್ತು. ಅದೇ ಈಗ ವಾರಾಂತ್ಯದ ಪಿಜಿಪಿಇಎಂ. ಸೋಮವಾರ ತಂಡದಲ್ಲಿ ಎದ್ದ ಜಗಳವನ್ನು ಶನಿವಾರ ತರಗತಿಗೆ ಒಯ್ದು, ಅಲ್ಲಿ ಕೇಳಿದ್ದನ್ನು ಮುಂದಿನ ಸೋಮವಾರ ಪರೀಕ್ಷಿಸಿ ನೋಡಬಹುದು. ಕೆನಡಾದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಹೆನ್ರಿ ಮಿಂಟ್ಸ್‌ಬರ್ಗ್ ಮೂರು ದಶಕದಿಂದ ಹೇಳುತ್ತಿರುವುದೂ ಇದನ್ನೇ: ಮ್ಯಾನೇಜ್‌ಮೆಂಟ್ ಮಾಡುತ್ತಾ ಕಲಿಯುವ ಕಸುಬು. ಅವರು 1996ರಲ್ಲಿ ದುಡಿಯುವ ಮ್ಯಾನೇಜರುಗಳಿಗೆಂದು ಕಟ್ಟಿದ ಅಂತರರಾಷ್ಟ್ರೀಯ ಕೋರ್ಸಿನ ಪಾಲುದಾರರಲ್ಲಿ ಬೆಂಗಳೂರು ಐಐಎಂ ಕೂಡ ಒಂದು. ಹೀಗೆ ಎಲ್ಲ ಗೊತ್ತಿದ್ದೂ ಹೊಳೆಯುವ ಜಾಹೀರಾತು ಯಾವುದಕ್ಕೆ ಎಂದರೆ, ಕೆಲಸ ಬಿಟ್ಟು ಬರುವ ಕೋರ್ಸಿಗೆ.

ವಿದೇಶಕ್ಕೆ ಹೋಗುತ್ತೇನೆ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಹಾರ್ವರ್ಡ್‌ನಲ್ಲಿ 2024ರಲ್ಲಿ ಎಂಬಿಎ ಮುಗಿಸಿ ಕೆಲಸ ಹುಡುಕುತ್ತಿದ್ದವರಲ್ಲಿ ಶೇ 23 ಮಂದಿಗೆ ಮೂರು ತಿಂಗಳಾದರೂ ಕೆಲಸ ಆಗಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಅಮೆರಿಕದ ಹೊರಗಿರುವವರ ಹೊಸ ಎಚ್‌-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಹೇರಿದರು.

ಹಾಗಾದರೆ ಯಾರೂ ಹೋಗಬಾರದೇ? ಹೋಗಲಿ. ಸಾಫ್ಟ್‌ವೇರ್ ಸಹವಾಸವೇ ಬೇಡವೆಂದು ಪೂರಾ ಬೇರೆ ದಾರಿ ಹಿಡಿಯುವವರು, ಅಪ್ಪನ ಗಿರಣಿ ಕೈಗೆ ತೆಗೆದುಕೊಳ್ಳಬೇಕಾದವರು, ಸಾಲವಿಲ್ಲದೆ ಖರ್ಚು ತಡೆದುಕೊಳ್ಳಬಲ್ಲವರು ಖಂಡಿತ ಹೋಗಲಿ. ‘ನೆಟ್‌ವರ್ಕ್’ಗೋಸ್ಕರ ಎನ್ನುವವರ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ತರಗತಿಯಲ್ಲಿ ಅಕ್ಕಪಕ್ಕ ಕೂರುವವರಲ್ಲಿ ಅನೇಕರು ಬೆಳ್ಳಂದೂರಿನ ಐಟಿ ಕಚೇರಿಯಲ್ಲಿ ಊಟದ ಹೊತ್ತಿಗೆ ಅಕ್ಕಪಕ್ಕ ಕೂರುತ್ತಿದ್ದಂಥವರೇ.

ಪ್ಲೇಸ್‌ಮೆಂಟ್ ವರದಿಗಳಿಗೆ ಐಪಿಆರ್‌ಎಸ್ ಎಂಬ ಮಾನದಂಡವಿದೆ, ಖಾತ್ರಿ ಸಂಬಳವೆಷ್ಟು, ಗರಿಷ್ಠ ಸಿಗಬಹುದಾದದ್ದೆಷ್ಟು ಎಂದು ಅದು ಬೇರೆ ಮಾಡಿ ತೋರಿಸುತ್ತದೆ. ಒಳ್ಳೆಯದೇ. ಆದರೆ ಅದು ಕೋರ್ಸು ಮುಗಿದ ಹೊತ್ತಿನ ಚಿತ್ರ. ಸಾರ್ವಜನಿಕ ಸಂಸ್ಥೆಯಾದ ಐಐಎಂ ಇನ್ನೂ ಮೂರು ಅಂಕಿ ಕೊಡಲಿ: ಸೇರುವ ಮೊದಲು ಈ ವಿದ್ಯಾರ್ಥಿಗಳ ಸಂಬಳ ಎಷ್ಟಿತ್ತು, ಮುಗಿಸಿ ಐದು ವರ್ಷವಾದ ಮೇಲೆ ಎಷ್ಟಾಯಿತು, ಆ ಹೊತ್ತಿಗೆ ತೀರದೆ ಉಳಿದ ಸಾಲ ಎಷ್ಟು. ಹಳೆಯ ವಿದ್ಯಾರ್ಥಿಗಳ ವಿಳಾಸ ಸಂಸ್ಥೆಯ ಬಳಿ ಇದ್ದೇ ಇರುತ್ತದೆ. ದೇಣಿಗೆ ಕೇಳುವಾಗ ಅದು ಕೈಗೆ ಸಿಗುತ್ತದಲ್ಲ.