ಕೆಲಸದ ಹಕ್ಕು ಮತ್ತು ಅಂಗಡಿಯ ಒಡೆತನ

ತಿಂಗಳ ಸಂಬಳವು ತಪ್ಪದೆ ಬರುವವರೆಗೆ ಗೃಹಸ್ಥನಿಗೆ ಅಕ್ಕಿಬೇಳೆಯ ಚಿಂತೆಯಿಲ್ಲ. ಆದರೆ ಆ ಸಂಬಳವು ನಡೆಯಬೇಕೋ ನಿಲ್ಲಬೇಕೋ ಎಂಬುದನ್ನು ಗೊತ್ತುಮಾಡುವವನು ಬೇರೊಬ್ಬನು. ನಮ್ಮ ಸಂವಿಧಾನದ 41ನೆಯ ಅನುಚ್ಛೇದವು ಕೆಲಸದ ಹಕ್ಕನ್ನು ಹೇಳಿರುವುದೇನೋ ನಿಜ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತೂ ಅಲ್ಲಿಯೇ ಸೇರಿರುವುದು. 37ನೆಯ ಅನುಚ್ಛೇದದಂತೆ ಇಂತಹ ತತ್ತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದು. ಹಾಗಾದರೆ ಕೆಲಸ ಕಳೆದುಕೊಂಡವರು ಮಾಡತಕ್ಕದ್ದೇನು?

ಇಂಡಿಯಾ ಕಾಫಿ ಹೌಸಿನ ನೌಕರರಿಗೆ ಈ ಪ್ರಶ್ನೆಯು ಎದುರಾದುದು 1950ರ ದಶಕದ ನಡುವಿನಲ್ಲಿ. ಕಾಫಿ ಮಂಡಳಿಯು ತಾನು ನಡೆಯಿಸುತ್ತಿದ್ದ ಕಾಫಿಮನೆಗಳನ್ನು ಮುಚ್ಚಲು ನಿರ್ಧರಿಸಿ ನೌಕರರನ್ನು ಬಿಡಿಸತೊಡಗಿತು. ಇಲ್ಲಿ ಒಡೆಯನು ಸಾಹುಕಾರನಲ್ಲ, ಸರ್ಕಾರವೇ ರಚಿಸಿದ ಮಂಡಳಿ! ಸೊತ್ತು ಸರ್ಕಾರದ ಕೈಸೇರಿದೊಡನೆ ಸಮಾಜವಾದವು ತಾನಾಗಿ ಬರುವುದೆಂದು ನಂಬುವವರು ಇದನ್ನು ಗಮನಿಸಬೇಕು.

ಆಗ ಕಮ್ಯುನಿಸ್ಟ್ ನಾಯಕರೂ ಲೋಕಸಭಾ ಸದಸ್ಯರೂ ಆಗಿದ್ದ ಕೇರಳದ ಎ. ಕೆ. ಗೋಪಾಲನ್ ಅವರು, ನೌಕರರೇ ಸಹಕಾರ ಸಂಘವನ್ನು ಕಟ್ಟಿಕೊಂಡು ಕಾಫಿಮನೆಗಳನ್ನು ನಡೆಯಿಸಲೆಂದು ಹುರಿದುಂಬಿಸಿದರು. ಅಂತಹ ಮೊದಲನೆಯ ಸಂಘವು 1957ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ನೌಕರರ ಕಾಫಿಮನೆಯು ತೆರೆಯಿತು. ಬೀಸಣಿಗೆಯಂತೆ ಮಡಿಸಿದ ರುಮಾಲನ್ನು ಸುತ್ತಿ ಕಾಫಿ ತಂದಿಡುತ್ತಿದ್ದವನು ಅಂದಿನಿಂದ ಅಂಗಡಿಯ ಪಾಲುದಾರನಾದನು. ಸಹಕಾರದ ನಿಯಮದಂತೆ ಸದಸ್ಯನಿಗೆ ಒಂದೇ ಮತ. ಹಣ ಹೆಚ್ಚು ಹಾಕಿದವನಿಗೆ ಮತ ಹೆಚ್ಚಿಲ್ಲ. ಬಂಡವಾಳದ ಕಂಪನಿಗೂ ಇದಕ್ಕೂ ಇರುವ ಅಂತರವೆಲ್ಲ ಇಷ್ಟರಲ್ಲಿಯೇ ಅಡಗಿರುವುದು.

ಇದರಿಂದ ಕಷ್ಟವು ತೀರಿತೆಂದು ಯಾರೂ ತಿಳಿಯಬಾರದು. ಕಾಫಿಯ ಬೆಲೆಯೇರಿಸಿದರೆ ಗಿರಾಕಿಯು ಬಾರನು, ಇಳಿಸಿದರೆ ತಮ್ಮ ಸಂಬಳಕ್ಕೇ ಕುತ್ತು. ಮನೆವಾರ್ತೆ ನಡೆಯಿಸುವ ಗೃಹಿಣಿಯರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇಲ್ಲಿ ಕಷ್ಟವನ್ನು ಹಂಚಿಕೊಳ್ಳುವ ಬಗೆಯನ್ನು ಗೊತ್ತುಮಾಡುವವರು ಕಷ್ಟಪಡುವವರೇ. ಇದು ಅಲ್ಪ ಲಾಭವೆಂದು ನಮಗೆ ತೋರುವುದಿಲ್ಲ.

ಒಂದು ಕೊರತೆ ಮಾತ್ರ ಉಳಿಯಿತು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಹಲವು ದಶಕ ನಡೆದ ಕಾಫಿಮನೆಯಲ್ಲಿ ಒಲೆ, ಬಟ್ಟಲು, ದುಡಿಮೆ ಎಲ್ಲವೂ ನೌಕರರದೇ ಆಗಿದ್ದರೂ ಕಟ್ಟಡವು ಅವರದಾಗಿರಲಿಲ್ಲ. 2009ರಲ್ಲಿ ಅದನ್ನು ತೆರವುಮಾಡಿ, ಸಮೀಪದ ಚರ್ಚ್ ಸ್ಟ್ರೀಟಿಗೆ ಸಾಮಾನು ಸಾಗಿಸಬೇಕಾಯಿತು.