ದತ್ತಾಂಶದ ಎರಡನೆಯ ಪ್ರತಿ ಎಲ್ಲಿರಬೇಕು? ಡೇಜಾನ್ ಅಗ್ನಿ ಅವಘಡದ ಹಿನ್ನೆಲೆಯಲ್ಲಿ ಒಂದು ವಿಶ್ಲೇಷಣೆ

ಪೀಠಿಕೆ

ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರ ರಾತ್ರಿ ಬೆಂಕಿ ಅವಘಡ ಸಂಭವಿಸಿತು. ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕಾಮಗಾರಿಯ ವೇಳೆ ಹೊತ್ತಿಕೊಂಡ ಈ ಬೆಂಕಿಯಿಂದ ಆ ದೇಶದ ನೂರಾರು ಸರ್ಕಾರಿ ಗಣಕ ವ್ಯವಸ್ಥೆಗಳು ಸ್ಥಗಿತಗೊಂಡವು. ಅವುಗಳ ಸಂಖ್ಯೆ 647 ಎಂದು ಮೊದಲು ಪ್ರಕಟಿಸಿ, ಅನಂತರ 709 ಎಂದು ಪರಿಷ್ಕರಿಸಲಾಯಿತು. ವ್ಯವಸ್ಥೆಗಳ ಪಟ್ಟಿಯನ್ನು ನಿರ್ವಹಿಸುವ ತಂತ್ರಾಂಶವೂ ಅದೇ ಕೇಂದ್ರದಲ್ಲಿ ಸ್ಥಗಿತಗೊಂಡಿದ್ದರಿಂದ ನಿಖರ ಎಣಿಕೆ ತಡವಾಯಿತು.

ಸ್ಥಗಿತಗೊಂಡ ಸೇವೆಗಳನ್ನು ಹಂತ ಹಂತವಾಗಿ ಪುನರಾರಂಭಿಸಲು ಸಾಧ್ಯವಾಯಿತು. ಆದರೆ ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇರಿಸುತ್ತಿದ್ದ 'ಜಿ-ಡ್ರೈವ್' ಎಂಬ ಸಾಮಾನ್ಯ ಸಂಗ್ರಹಾಗಾರದ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣದಿಂದ ಅದರ ಪ್ರತಿಯನ್ನು ಹೊರಗೆ ಇರಿಸಿರಲಿಲ್ಲ. ಸೇವೆ ನಿಲ್ಲುವುದು ಬೇರೆ, ದಾಖಲೆ ಅಳಿಯುವುದು ಬೇರೆ ಎಂಬುದು ಈ ಘಟನೆಯಿಂದ ಸ್ಪಷ್ಟವಾಗುತ್ತದೆ. ಗಣಕೀಕೃತ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಈ ವ್ಯತ್ಯಾಸವನ್ನು ತಿಳಿದಿರುವುದು ಉಪಯುಕ್ತ.

1. ವ್ಯವಸ್ಥೆಯ ಸ್ವರೂಪ

ನಾಗರಿಕರು ಸಲ್ಲಿಸುವ ಪ್ರತಿಯೊಂದು ಅರ್ಜಿಯೂ ಪ್ರಧಾನ ಸರ್ವರ್‌ನಲ್ಲಿರುವ ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸ್‌ನಲ್ಲಿ ದಾಖಲಾಗುತ್ತದೆ. ಅದರ ಜೊತೆಗೆ ಒಂದು ಮೀಸಲು ಸರ್ವರ್ ಇರುತ್ತದೆ. ಇವೆರಡಕ್ಕೂ ಜಾಲದ ಮೂಲಕ ತೆರೆದಿರುವ ಒಂದು ಸಾಮಾನ್ಯ ಸಂಗ್ರಹಾಗಾರವನ್ನು ಕಲ್ಪಿಸುವುದು ಹಲವೆಡೆ ಅನುಸರಿಸಲಾಗುವ ಕ್ರಮ.

ಪ್ರಧಾನ ಸರ್ವರ್ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಲಾಗ್ ಕಡತದಲ್ಲಿ ಬರೆಯುತ್ತದೆ. ಪೋಸ್ಟ್‌ಗ್ರೆಸ್ ತಂತ್ರಾಂಶದಲ್ಲಿ ಇಂತಹ ಕಡತದ ಸಾಮಾನ್ಯ ಗಾತ್ರ 16 ಮೆಗಾಬೈಟ್. ಕಡತ ತುಂಬಿದೊಡನೆ ಅದರ ಪ್ರತಿಯನ್ನು ಸಂಗ್ರಹಾಗಾರಕ್ಕೆ ಕಳುಹಿಸಲಾಗುತ್ತದೆ. ಮೀಸಲು ಸರ್ವರ್ ಅದನ್ನು ಓದಿ, ಅದೇ ಬದಲಾವಣೆಗಳನ್ನು ತನ್ನಲ್ಲಿಯೂ ಮಾಡಿಕೊಳ್ಳುತ್ತದೆ. ನಿಗದಿತ ಅವಧಿಗೊಮ್ಮೆ ತೆಗೆಯುವ ಇಡೀ ದತ್ತಸಂಚಯದ ಪ್ರತಿಯನ್ನೂ ಅಲ್ಲಿಯೇ ಇರಿಸುವುದುಂಟು.

2. ಮೀಸಲು ಸರ್ವರ್ ಮತ್ತು ಬ್ಯಾಕಪ್: ಎರಡೂ ಒಂದೇ ಅಲ್ಲ

ಪ್ರಧಾನ ಸರ್ವರ್ ಕೆಟ್ಟಾಗ ಸೇವೆಯನ್ನು ಮುಂದುವರಿಸುವುದು ಮೀಸಲು ಸರ್ವರ್‌ನ ಕೆಲಸ. ಆದರೆ ಬೆಳಿಗ್ಗೆ 11 ಗಂಟೆಗೆ ಪ್ರಧಾನ ಸರ್ವರ್‌ನಲ್ಲಿ ದಾಖಲೆಗಳು ತಪ್ಪಿ ಅಳಿಸಲ್ಪಟ್ಟರೆ, ಆ ಅಳಿಸುವಿಕೆಯೂ ಲಾಗ್ ಮೂಲಕ ಮೀಸಲು ಸರ್ವರ್ ತಲುಪುತ್ತದೆ. ಆಗ ನೆರವಿಗೆ ಬರುವುದು ಹಳೆಯ ಪೂರ್ಣ ಪ್ರತಿ ಹಾಗೂ ಅನಂತರದ ಲಾಗ್ ಕಡತಗಳು. ಅವುಗಳಿಂದ ದತ್ತಸಂಚಯವನ್ನು 10 ಗಂಟೆ 59 ನಿಮಿಷದ ಸ್ಥಿತಿಗೆ ಮರಳಿ ತರಬಹುದು. ಆದ್ದರಿಂದ ಮೀಸಲು ಸರ್ವರ್ ಇದೆ ಎಂಬ ಕಾರಣಕ್ಕೆ ಬ್ಯಾಕಪ್ ಅನ್ನು ಕೈಬಿಡುವಂತಿಲ್ಲ.

3. ಗಮನಿಸಬೇಕಾದ ದೌರ್ಬಲ್ಯಗಳು

(ಅ) ಪ್ರಧಾನ ಸರ್ವರ್, ಮೀಸಲು ಸರ್ವರ್ ಹಾಗೂ ಸಂಗ್ರಹಾಗಾರ ಮೂರೂ ಒಂದೇ ಕಟ್ಟಡದಲ್ಲಿದ್ದರೆ, ಒಂದೇ ಬೆಂಕಿಗೆ ಅಥವಾ ಒಂದೇ ನೆರೆಗೆ ಮೂರೂ ಬಲಿಯಾಗುತ್ತವೆ. ಪ್ರತಿಗಳ ಸಂಖ್ಯೆ ಎಷ್ಟಿದ್ದರೂ ಅವುಗಳ ನಡುವೆ ದೂರವಿಲ್ಲದಿದ್ದರೆ ರಕ್ಷಣೆ ದೊರೆಯುವುದಿಲ್ಲ.

(ಆ) ಸಂಗ್ರಹಾಗಾರದ ಸಂಪರ್ಕ ಕಡಿದರೆ ಕಳುಹಿಸಲಾಗದ ಲಾಗ್ ಕಡತಗಳು ಪ್ರಧಾನ ಸರ್ವರ್‌ನಲ್ಲಿಯೇ ಶೇಖರವಾಗುತ್ತವೆ. ಡಿಸ್ಕ್ ತುಂಬಿದರೆ ಸೇವೆಯೇ ನಿಲ್ಲುತ್ತದೆ. ರಕ್ಷಣೆಗಾಗಿ ಮಾಡಿದ ಏರ್ಪಾಟೇ ಹೀಗೆ ಅಡಚಣೆಗೆ ಕಾರಣವಾಗಬಹುದು.

(ಇ) ಸಂಪರ್ಕ ಕಡಿದ ಬಳಿಕವೂ ಸಂಗ್ರಹಾಗಾರದ ಹೆಸರಿನ ಖಾಲಿ ಕೋಶ ಸರ್ವರ್‌ನಲ್ಲಿ ಉಳಿದಿರುತ್ತದೆ. ಸಂಪರ್ಕವನ್ನು ಖಚಿತಪಡಿಸಿಕೊಳ್ಳದೆ ಪ್ರತಿ ತೆಗೆದರೆ ಅದು ಅದೇ ಸರ್ವರ್‌ನ ಡಿಸ್ಕ್‌ನಲ್ಲಿ ಬೀಳುತ್ತದೆ. ವರದಿಯಲ್ಲಿ ಮಾತ್ರ 'ಯಶಸ್ವಿ' ಎಂದಿರುತ್ತದೆ.

4. ಪರೀಕ್ಷಿಸದ ಬ್ಯಾಕಪ್

ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಮೀಸಲು ಸರ್ವರ್‌ನ ದೋಷವನ್ನು ಸರಿಪಡಿಸುತ್ತಿದ್ದ ತಂತ್ರಜ್ಞರು, ಅದರ ಬದಲು ಪ್ರಧಾನ ಸರ್ವರ್‌ನಲ್ಲಿನ ಸುಮಾರು 300 ಗಿಗಾಬೈಟ್ ದತ್ತಾಂಶವನ್ನು ಅಳಿಸಿದರು. ಬ್ಯಾಕಪ್ ಹುಡುಕಿದಾಗ ನಿಗದಿತ ಸ್ಥಳದಲ್ಲಿ ಏನೂ ಇರಲಿಲ್ಲ. ತಂತ್ರಾಂಶದ ಆವೃತ್ತಿಗಳು ಹೊಂದಿಕೆಯಾಗದೆ ಬ್ಯಾಕಪ್ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಇ-ಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಸುಮಾರು 6 ಗಂಟೆಗಳ ಹಿಂದೆ ಬೇರೊಂದು ಉದ್ದೇಶಕ್ಕೆ ತೆಗೆದಿದ್ದ ಪ್ರತಿಯೊಂದು ಇದ್ದುದರಿಂದ ನಷ್ಟ ಆ ಅವಧಿಗೆ ಸೀಮಿತವಾಯಿತು. ಸಂಸ್ಥೆಯು ಈ ವಿವರಗಳನ್ನು ಬಹಿರಂಗವಾಗಿ ಪ್ರಕಟಿಸಿದ್ದು ಶ್ಲಾಘನೀಯ. ಬ್ಯಾಕಪ್‌ನಿಂದ ದತ್ತಸಂಚಯವನ್ನು ಮರಳಿ ಕಟ್ಟಿ ನೋಡುವವರೆಗೆ ಆ ಬ್ಯಾಕಪ್ ಇದೆ ಎಂದು ಪರಿಗಣಿಸಲಾಗದು.

5. ನಾಗರಿಕರಿಗೆ ಇದರ ಸಂಬಂಧ

ಕರ್ನಾಟಕದಲ್ಲಿ 'ಭೂಮಿ' ಯೋಜನೆಯ ಮೂಲಕ ಪಹಣಿಗಳು ಗಣಕೀಕೃತಗೊಂಡ ಬಳಿಕ ಜಮೀನಿನ ದಾಖಲೆಗೆ ಗ್ರಾಮ ಲೆಕ್ಕಿಗರ ಕೈಬರಹದ ವಹಿಯೇ ಆಧಾರವಾಗಿ ಉಳಿದಿಲ್ಲ. ಇಂತಹ ದಾಖಲೆಗಳ ಸುರಕ್ಷತೆ ದತ್ತಸಂಚಯದ ಸುರಕ್ಷತೆಯನ್ನೇ ಅವಲಂಬಿಸಿದೆ.

ಇನ್ನೊಂದು ಅಂಶವೂ ಮುಖ್ಯ. ಮೇಲೆ ವಿವರಿಸಿದ ಕ್ರಮದಲ್ಲಿ ಲಾಗ್ ಕಡತ ತುಂಬುವವರೆಗೆ ಅಥವಾ ನಿಗದಿತ ಸಮಯ ಕಳೆಯುವವರೆಗೆ ಅದರ ಪ್ರತಿ ಹೊರಗೆ ಹೋಗುವುದಿಲ್ಲ. ಆ ನಡುವೆ ಪ್ರಧಾನ ಸರ್ವರ್ ನಾಶವಾದರೆ ಕೊನೆಯ ಕೆಲವು ನಿಮಿಷಗಳಲ್ಲಿ ಸಲ್ಲಿಕೆಯಾದ ಅರ್ಜಿಗಳು ಮೀಸಲು ಸರ್ವರ್‌ನಲ್ಲಿ ಕಾಣದಿರಬಹುದು. ಅಂತಹ ಸಂದರ್ಭದಲ್ಲಿ ಅರ್ಜಿ ಸಲ್ಲಿಸಿದ್ದಕ್ಕೆ ಅರ್ಜಿದಾರರ ಬಳಿಯಿರುವ ಸ್ವೀಕೃತಿಯೇ ಆಧಾರ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಲ್ಲಿ ಕಾಲಮಿತಿಯ ಎಣಿಕೆಗೂ ಅರ್ಜಿ ಸಲ್ಲಿಕೆಯ ದಿನಾಂಕ ಮುಖ್ಯವಾಗುತ್ತದೆ.

ಅರ್ಜಿದಾರರ ಗಮನಕ್ಕೆ

• ಸ್ವೀಕೃತಿ ಪತ್ರವನ್ನು ಮುದ್ರಿಸಿ ಇರಿಸಿಕೊಳ್ಳುವುದು. ಸ್ವೀಕೃತಿ ಸಂಖ್ಯೆ, ದಿನಾಂಕ ಹಾಗೂ ವೇಳೆಯನ್ನು ಬೇರೆಡೆಯೂ ಬರೆದಿಟ್ಟುಕೊಳ್ಳುವುದು.
• ಶುಲ್ಕ ಪಾವತಿಯ ರಸೀದಿಯನ್ನು ಸೇವೆ ದೊರೆಯುವವರೆಗೆ ಕಾಪಾಡುವುದು.
• ಮೂಲ ದಾಖಲೆಗಳ ಪ್ರತಿಗಳನ್ನು ಮೊಬೈಲ್‌ನಲ್ಲಿ ಮಾತ್ರವಲ್ಲದೆ ಮತ್ತೊಂದು ಸ್ಥಳದಲ್ಲಿಯೂ ಇರಿಸುವುದು.
• ವ್ಯವಸ್ಥೆ ಸ್ಥಗಿತಗೊಂಡು ಪುನರಾರಂಭವಾದ ಬಳಿಕ ಅರ್ಜಿಯ ಸ್ಥಿತಿಯನ್ನು ಒಮ್ಮೆ ಪರಿಶೀಲಿಸುವುದು. ಅರ್ಜಿ ಕಾಣದಿದ್ದಲ್ಲಿ ಹೊಸ ಅರ್ಜಿ ಸಲ್ಲಿಸುವ ಮುನ್ನ ಸ್ವೀಕೃತಿಯೊಂದಿಗೆ ಸಂಬಂಧಿಸಿದ ಕಚೇರಿಯನ್ನು ಸಂಪರ್ಕಿಸುವುದು.