ಬೆಟ್ಟದ ಬೆಂಕಿಯೂ ಊರಿನ ಸುದ್ದಿಯೂ

ಮಾಗಿಯ ಚಳಿಯು ಹಿಂಜರಿದು ಶಿವರಾತ್ರಿಯು ಸಮೀಪಿಸಿತೆಂದರೆ, ಚಿತ್ರದುರ್ಗದ ಪಟ್ಟಣವಾಸಿಗಳು ರಾತ್ರಿಯ ಹೊತ್ತು ಜೋಗಿಮಟ್ಟಿಯ ಕಡೆಗೆ ಕಣ್ಣು ಹಾಯಿಸಿದಾಗ ಬೆಟ್ಟದ ಮೈಮೇಲೆ ಕೆಂಪು ಗೆರೆಯೊಂದು ಹರಿದಾಡುತ್ತಿರುವುದನ್ನು ಕಾಣುವುದುಂಟು. ಬೆಳಗಾದ ಮೇಲೆ ಅಲ್ಲಿ ಉಳಿದಿರುವುದು ಕರಿಯ ಬೂದಿ. ಮಹಡಿಯ ಮೇಲೆ ನಿಂತು ಆ ದೃಶ್ಯವನ್ನು ಮೊಬೈಲಿನಲ್ಲಿ ಸೆರೆಹಿಡಿದು ಬಂಧುಮಿತ್ರರಿಗೆ ಕಳುಹಿಸಿಕೊಡುವ ಉತ್ಸಾಹಿಗಳಿಗೆ ಈಗ ಕೊರತೆಯಿಲ್ಲ. ಆದರೆ ಅದನ್ನು ತಿಳಿಸಬೇಕಾದ ಸ್ಥಳಕ್ಕೆ ತಿಳಿಸಿದವರು ಅವರಲ್ಲಿ ಎಷ್ಟು ಮಂದಿ? ಆ ಸ್ಥಳವು ಯಾವುದೆಂಬುದನ್ನಾದರೂ ಬಲ್ಲವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ನಾವು ಈ ದಿನ ವಾಚಕ ಮಹಾಶಯರ ಮುಂದೆಯೂ ಜಿಲ್ಲೆಯ ಅಧಿಕಾರಿವರ್ಗದವರ ಮುಂದೆಯೂ ಇಡಬಯಸುತ್ತೇವೆ.

ಬಯಲುಸೀಮೆಯಲ್ಲಿ ಕಾಡೆಲ್ಲಿಯದು, ಕಾಳ್ಗಿಚ್ಚೆಲ್ಲಿಯದು ಎಂದು ಕೇಳುವವರುಂಟು. ಮಲೆನಾಡಿನ ಹಸಿರು ಅರಣ್ಯವನ್ನು ಮಾತ್ರ ಕಾಡೆಂದು ತಿಳಿದವರ ಮಾತಿದು. ಜೋಗಿಮಟ್ಟಿಯ ಸಾಲು, ಹಿರಿಯೂರಿನ ಮಾರಿಕಣಿವೆಯ ಸುತ್ತಣ ಗುಡ್ಡಗಳು, ಹೊಸದುರ್ಗ ಹೊಳಲ್ಕೆರೆಗಳ ಕುರುಚಲು ಬೆಟ್ಟಗಳು, ಇವೆಲ್ಲವೂ ಹುಲ್ಲಿನಿಂದಲೂ ಮುಳ್ಳುಗಿಡಗಳಿಂದಲೂ ತುಂಬಿದವು. ಮಾಘ ಫಾಲ್ಗುಣಗಳಲ್ಲಿ ಆ ಹುಲ್ಲು ಗರಿಗರಿಯಾಗಿ ಒಣಗಿ ನಿಲ್ಲುತ್ತದೆ. ದೊಡ್ಡ ಮರದ ಕೊರಡಿಗೆ ಬೆಂಕಿ ಹತ್ತುವುದು ತಡ, ಆರುವುದೂ ತಡ. ಒಣಹುಲ್ಲಿಗಾದರೋ ಕಿಡಿ ಬಿದ್ದ ಕ್ಷಣದಲ್ಲಿಯೇ ಜ್ವಾಲೆ. ಗಾಳಿಯು ಬೀಸಿತೆಂದರೆ ಓಡುವ ಮನುಷ್ಯನನ್ನೂ ಅದು ಹಿಂದಿಕ್ಕೀತು. ಮಳೆಯು ಚೆನ್ನಾಗಿ ಬಿದ್ದ ವರ್ಷದ ಮುಂದಿನ ಬೇಸಗೆಯೇ ಹೆಚ್ಚು ಅಪಾಯಕರವೆಂಬುದನ್ನು ಅನೇಕರು ಅರಿಯರು. ನೀರು ಹೆಚ್ಚಿದಷ್ಟೂ ಹುಲ್ಲು ಹೆಚ್ಚು. ಹುಲ್ಲು ಹೆಚ್ಚಿದಷ್ಟೂ ಬೆಂಕಿಗೆ ಆಹಾರ ಹೆಚ್ಚು. 1933ರ ತರುವಾಯ ಕೋಡಿ ಹರಿಯದೆ ಇದ್ದ ವಾಣೀವಿಲಾಸ ಸಾಗರವು 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಯೆಲ್ಲವೂ ಸಂಭ್ರಮಿಸಿತು. ಅಂಥ ಸಂಭ್ರಮದ ಹಿಂದೆಯೇ ಬರುವ ಬೇಸಗೆಯಲ್ಲಿ ಗುಡ್ಡಗಳ ಮೇಲೆ ಎರಡು ಪಾಲು ಎಚ್ಚರವು ಬೇಕಾಗುತ್ತದೆ. ಇಳಿಜಾರಿನ ಹುಲ್ಲೂ ಗಿಡವೂ ಸುಟ್ಟುಹೋದರೆ ಮೊದಲ ಮಳೆಗೇ ಅಲ್ಲಿಯ ಮಣ್ಣು ಕೊಚ್ಚಿ ಬಂದು ಅದೇ ಜಲಾಶಯದ ತಳದಲ್ಲಿ ಹೂಳಾಗಿ ಕೂಡುವುದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಇನ್ನು ಬೆಟ್ಟದ ಬುಡದಲ್ಲಿ ಯಾರಿದ್ದಾರೆಂಬುದನ್ನು ನೋಡೋಣ. ಗೊಲ್ಲರ ಹಟ್ಟಿಗಳಿವೆ. ಮಂದೆಯನ್ನು ಹೊಲದಲ್ಲಿ ತರುಬಿಕೊಂಡು ರಾತ್ರಿ ಕಳೆಯುವ ಕುರಿಗಾಹಿಗಳಿದ್ದಾರೆ. ವರ್ಷವೆಲ್ಲ ದನಗಳಿಗೆ ಆಧಾರವಾದ ರಾಗಿಹುಲ್ಲಿನ ಬಣವೆಗಳು ಕಣದಲ್ಲಿವೆ. ಅಡಿಕೆ ತೆಂಗಿನ ತೋಟಗಳ ಬೇಲಿಗಳು ಒಣಗಿ ನಿಂತಿವೆ. ಪಟ್ಟಣದ ಮಹಡಿಯಿಂದ ಬೆಂಕಿಯನ್ನು ನೋಡುವವನಿಗೆ ಅದರಿಂದ ನಷ್ಟವೇನೂ ಇಲ್ಲ. ಬುಡದಲ್ಲಿರುವವನಿಗೆ ಒಂದು ಬಣವೆ ಸುಟ್ಟರೆ ಮುಂಗಾರಿನವರೆಗೆ ಎತ್ತುಗಳನ್ನು ಸಾಕುವ ದಾರಿಯೇ ಕಟ್ಟಿಹೋಗುತ್ತದೆ.

ಬೆಂಕಿಗೆ ಕಾರಣವೇನು? ಬಿದಿರು ಬಿದಿರಿಗೆ ಉಜ್ಜಿ ಕಾಳ್ಗಿಚ್ಚು ಹುಟ್ಟುವುದೆಂಬ ಹಳೆಯ ಮಾತನ್ನು ಹಳೆಯ ಕಾಲಕ್ಕೇ ಬಿಡುವುದೊಳ್ಳೆಯದು. ನಮ್ಮ ದೇಶದ ಕಾಡುಗಳಲ್ಲಿ ಹತ್ತುವ ಬೆಂಕಿಯ ಅತ್ಯಧಿಕಾಂಶವು ಮನುಷ್ಯನ ಕೈಯಿಂದಲೇ ಹತ್ತತಕ್ಕದ್ದು. ಹಳೆಯ ಹುಲ್ಲನ್ನು ಸುಟ್ಟರೆ ಚಿಗುರು ಬೇಗನೆ ಬರುವುದೆಂದು ನಂಬಿ ಕಡ್ಡಿ ಗೀರುವವರುಂಟು. ಆದರೆ ಎಲ್ಲವನ್ನೂ ಕುರಿಗಾಹಿಯ ತಲೆಗೆ ಕಟ್ಟುವುದು ಪಟ್ಟಣಿಗರಿಗೆ ಸುಲಭವಾದ ಅಭ್ಯಾಸವಾಗಿಬಿಟ್ಟಿದೆ. ಹೆದ್ದಾರಿಯಲ್ಲಿ ಕಾರಿನ ಕಿಟಕಿಯಿಂದ ಸಿಗರೇಟಿನ ತುಂಡನ್ನೆಸೆಯುವವನು ಕುರಿ ಕಾಯುವವನಲ್ಲ. ರಜಾದಿನ ಬೆಟ್ಟ ಹತ್ತಿ ಅಡಿಗೆ ಮಾಡಿ ಕೆಂಡವನ್ನಾರಿಸದೆ ಇಳಿದು ಬರುವವರೂ ಹಟ್ಟಿಯವರಲ್ಲ.

ಸುದ್ದಿಯ ವಿಷಯಕ್ಕೆ ಬರೋಣ. ಡೆಹರಾಡೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು 2004ರಿಂದಲೂ ಉಪಗ್ರಹಗಳ ನೆರವಿನಿಂದ ದೇಶದ ಕಾಡುಗಳಲ್ಲಿ ಹತ್ತುವ ಬೆಂಕಿಯನ್ನು ಗುರುತಿಸುತ್ತಿದ್ದಾರೆ. ಹೆಸರು ನೋಂದಾಯಿಸಿಕೊಂಡವರಿಗೆಲ್ಲ, ಅರಣ್ಯಾಧಿಕಾರಿಗಳಿಗೆ ಮಾತ್ರವಲ್ಲದೆ ಸಾಮಾನ್ಯ ಪ್ರಜೆಗಳಿಗೂ, ಅವರು ಬಯಸಿದ ಪ್ರದೇಶದ ಬೆಂಕಿಯ ವರ್ತಮಾನವು ಮೊಬೈಲಿಗೆ ಬಂದು ಬೀಳುವ ಏರ್ಪಾಡಿದೆ. ಇದು ಶ್ಲಾಘ್ಯವಾದ ಕಾರ್ಯವೇ. ಆದರೆ ಆಕಾಶದ ಕಣ್ಣಿಗೂ ಮಿತಿಯುಂಟು. ಒಂದೊಂದು ಉಪಗ್ರಹವು ಒಂದು ಸ್ಥಳದ ಮೇಲೆ ಹಗಲೊಮ್ಮೆ ಇರುಳೊಮ್ಮೆ ಹಾದುಹೋಗತಕ್ಕದ್ದು. ಅವುಗಳಲ್ಲಿ ಸೂಕ್ಷ್ಮವಾದುದೆನಿಸಿದ ಯಂತ್ರವೂ ನೆಲವನ್ನು 375 ಮೀಟರಿನ ಚೌಕಗಳಾಗಿ ಕಾಣುವುದೇ ಹೊರತು ಮೂಲೆಯಲ್ಲಿ ಹೊತ್ತಿದ ಒಂದು ಪೊದೆಯನ್ನು ಬೇರೆಯಾಗಿ ಕಾಣಲಾರದು. ಉಪಗ್ರಹವು ದಾಟಿಹೋದ ಸ್ವಲ್ಪ ಹೊತ್ತಿಗೆ ಹತ್ತಿದ ಹುಲ್ಲಿನ ಬೆಂಕಿಯು ಅದು ಮತ್ತೆ ಬರುವುದರೊಳಗೆ ಒಂದು ಗುಡ್ಡವನ್ನು ಮುಗಿಸಿರುತ್ತದೆ. ನಮ್ಮ ಹುಲ್ಲುಗುಡ್ಡಗಳ ಮಟ್ಟಿಗೆ ಎಲ್ಲರಿಗಿಂತ ಮೊದಲು ಬೆಂಕಿಯನ್ನು ಕಾಣುವವನು ಬುಡದಲ್ಲಿ ದನ ಕಾಯುವ ಹುಡುಗನೇ. ಅವನು ಯಾರಿಗೆ ಹೇಳಬೇಕು?

ಹಿಂದೆ ಈ ಪ್ರಶ್ನೆಗೆ ಒಂದು ಉತ್ತರವಿತ್ತು. ಹುಡುಗನು ತಳವಾರನಿಗೆ ಹೇಳುತ್ತಿದ್ದನು, ತಳವಾರನು ಪಟೇಲನಿಗೆ, ಪಟೇಲನು ಅಮಲ್ದಾರರ ಕಚೇರಿಗೆ. ಆ ವ್ಯವಸ್ಥೆಯಲ್ಲಿ ಅನ್ಯಾಯಗಳು ಬೇಕಾದಷ್ಟಿದ್ದುವು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಶಾಸನದಿಂದ ತೆಗೆದುಹಾಕಿದುದು ಸರಿಯೇ ಆಯಿತು. ಆದರೆ ಸುದ್ದಿಯು ಕಚೇರಿಗೆ ಹೋಗುವ ಕಾಲುದಾರಿಯೂ ಅದರೊಡನೆ ಮುಚ್ಚಿಹೋಯಿತು. ಈಗ ಗ್ರಾಮ ಆಡಳಿತಾಧಿಕಾರಿಯೊಬ್ಬರಿಗೆ ಹಲವು ಹಳ್ಳಿಗಳು. ಪಂಚಾಯತಿಯ ಅಭಿವೃದ್ಧಿ ಅಧಿಕಾರಿಯು ಸಂಜೆಯಾಗುತ್ತಲೆ ತಾಲ್ಲೂಕು ಕೇಂದ್ರಕ್ಕೆ ಹಿಂದಿರುಗುವುದು ಸಾಮಾನ್ಯ. ಬೆಂಕಿಯಾದರೋ ಕಚೇರಿಯ ವೇಳೆಯನ್ನು ನೋಡಿಕೊಂಡು ಹತ್ತುವುದಿಲ್ಲ.

ದೂರವಾಣಿ ಇದೆಯಲ್ಲ ಎನ್ನಬಹುದು. ಇದೆ, ಸಂಖ್ಯೆಗಳೂ ಇವೆ, ಬೇಕಾದುದಕ್ಕಿಂತ ಹೆಚ್ಚಾಗಿಯೇ ಇವೆ. ಅಗ್ನಿಶಾಮಕ ದಳಕ್ಕೆ 101, ಅರಣ್ಯ ಇಲಾಖೆಯ ಸಹಾಯವಾಣಿಗೆ 1926, ಜಿಲ್ಲಾಡಳಿತದ ವಿಪತ್ತು ನಿರ್ವಹಣಾ ಕೊಠಡಿಗೆ 1077, ರೋಗಿವಾಹನಕ್ಕೆ 108, ಎಲ್ಲ ತುರ್ತಿಗೂ 112. ಪಟ್ಟಣದ ವಿದ್ಯಾವಂತನಿಗೇ ಇವು ನೆನಪಿನಲ್ಲಿ ನಿಲ್ಲವು. ಬೆಂಕಿಯನ್ನು ಕಂಡು ಗಾಬರಿಯಾದವನು ಐದರಲ್ಲಿ ಯಾವುದನ್ನೊತ್ತಬೇಕೆಂದು ಲೆಕ್ಕ ಹಾಕುತ್ತ ಕುಳಿತಿರುವನೆ? ಹಳ್ಳಿಗರಿಗೆ 112 ಎಂಬ ಒಂದೇ ಸಂಖ್ಯೆಯನ್ನು ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಆ ಕರೆಯನ್ನು ತೆಗೆದುಕೊಂಡವರು ಬೆಂಕಿಯು ಬಣವೆಯದೋ ಬೆಟ್ಟದ್ದೋ ಎಂದು ವಿಚಾರಿಸಿ, ಬಣವೆಯದಾದರೆ ಅಗ್ನಿಶಾಮಕ ದಳಕ್ಕೂ ಬೆಟ್ಟದ್ದಾದರೆ ಆಯಾ ವಲಯದ ಅರಣ್ಯಾಧಿಕಾರಿಗೂ ತಾವೇ ಮುಟ್ಟಿಸತಕ್ಕದ್ದು. ಈ ಭೇದವು ಮುಖ್ಯವಾದುದು. ಏಕೆಂದರೆ ನೀರಿನ ಬಂಡಿಯು ರಸ್ತೆಯಿರುವಲ್ಲಿಗೆ ಹೋದೀತೇ ಹೊರತು ಜೋಗಿಮಟ್ಟಿಯ ಕಡಿದಾದ ಮಗ್ಗುಲನ್ನು ಹತ್ತಲಾರದು. ಅಲ್ಲಿ ಕೆಲಸಕ್ಕೆ ಬರುವುದು ಮುಂಚಿತವಾಗಿ ಸವರಿಟ್ಟ ಬೆಂಕಿರೇಖೆ, ಹಸಿಸೊಪ್ಪಿನ ಕೊಂಬೆ, ಮತ್ತು ಅದನ್ನು ಹಿಡಿದ ಕೈಗಳು.

ಆ ಕೈಗಳ ವಿಷಯವಾಗಿ ಒಂದು ಮಾತು. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿಯೂ 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಡೆಯ ಕಾಡಿನಲ್ಲಿಯೂ ಬೆಂಕಿಯನ್ನಾರಿಸಲು ಹೋದ ಅರಣ್ಯ ಸಿಬ್ಬಂದಿಯವರು ಪ್ರಾಣವನ್ನೇ ತೆತ್ತರು. ಬೇಸಗೆಯ ಮಟ್ಟಿಗೆ ದಿನಗೂಲಿಯ ಮೇಲೆ ನೇಮಕವಾಗುವ ಬೆಂಕಿ ಕಾವಲುಗಾರರಿಗೆ ದಪ್ಪ ಬೂಟು, ಹತ್ತಿಯ ಉಡುಪು, ಕುಡಿಯುವ ನೀರು, ಜೀವವಿಮೆ, ಇಷ್ಟನ್ನಾದರೂ ಬೆಂಕಿ ಹತ್ತುವುದಕ್ಕೆ ಮೊದಲೇ ಒದಗಿಸತಕ್ಕದ್ದು.

ಹಳ್ಳಿಗನು ಬೆಂಕಿಯನ್ನು ಕಂಡೂ ಸುಮ್ಮನಿರುವುದಕ್ಕೆ ಬೇರೊಂದು ಕಾರಣವಿದೆ. ಅಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿಶೇಷವಾಗಿ ಪ್ರಾರ್ಥಿಸುತ್ತೇವೆ. ಮೊದಲು ಸುದ್ದಿ ಕೊಟ್ಟವನೇ ಮೊದಲ ಸಂಶಯಿತನಾಗುವನೆಂಬ ಭಯವು ಬೆಟ್ಟದಂಚಿನ ಊರುಗಳಲ್ಲಿ ಬೇರೂರಿದೆ. "ನೀನು ಅಲ್ಲಿಗೇಕೆ ಹೋಗಿದ್ದೆ?" ಎಂಬುದೇ ಮೊದಲನೆಯ ಪ್ರಶ್ನೆಯಾದರೆ ಎರಡನೆಯ ಸಲ ಯಾರೂ ಬಾಯಿ ಬಿಡುವುದಿಲ್ಲ. ಅಭಯಾರಣ್ಯದೊಳಗೆ ಬೆಂಕಿಯಿಡುವುದು 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಅಪರಾಧ. ಜೋಗಿಮಟ್ಟಿಯು ಈಗ ಅಂಥ ಅಭಯಾರಣ್ಯವಾಗಿದೆ. ತಪ್ಪಿತಸ್ಥರಿಗೆ ಶಿಕ್ಷೆಯಾಗಲಿ. ಸುದ್ದಿ ಕೊಟ್ಟವನ ಹೆಸರನ್ನು ಮಾತ್ರ ಕೇಳಬಾರದೆಂದೂ, ಕೇಳಿದರೂ ಗುಟ್ಟಾಗಿಡಬೇಕೆಂದೂ ಕಟ್ಟಪ್ಪಣೆಯಾಗಲಿ.

1939ರಲ್ಲಿ ತುರುವನೂರಿನಲ್ಲಿ ಜನರು ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ಹೂಡಿದ ಕಾಲದಲ್ಲಿ ಕಾಡು ಸರ್ಕಾರದ್ದು, ಸರ್ಕಾರವು ಜನರದ್ದಲ್ಲ ಎಂಬ ಭಾವನೆಗೆ ಅರ್ಥವಿತ್ತು. ಅದರಲ್ಲಿ ಸೆರೆಮನೆಗೆ ಹೋದ ಶ್ರೀ ನಿಜಲಿಂಗಪ್ಪನವರು ಮುಂದೆ ಈ ರಾಜ್ಯದ ಮುಖ್ಯಮಂತ್ರಿಗಳೇ ಆದರು. ಇಷ್ಟಾಗಿಯೂ ಬೆಟ್ಟ ಹೊತ್ತಿದಾಗ "ಅದು ಫಾರೆಸ್ಟಿನವರ ಬೆಂಕಿ" ಎನ್ನುವ ಮಾತು ನಮ್ಮ ಊರುಗಳಲ್ಲಿ ಇನ್ನೂ ಕೇಳಿಬರುತ್ತಿರುವುದು ವಿಷಾದಕರ.

ಸುದ್ದಿಯು ಬುಡದಿಂದ ಮೇಲಕ್ಕೆ ಹೋಗಬೇಕಾದಂತೆಯೇ ಮೇಲಿನಿಂದ ಬುಡಕ್ಕೂ ಬರಬೇಕು. ಆಸ್ಟ್ರೇಲಿಯಾ ದೇಶದ ವಿಕ್ಟೋರಿಯಾ ಪ್ರಾಂತದಲ್ಲಿ 2009ರ ಫೆಬ್ರುವರಿ 7ರಂದು ಒಂದೇ ದಿನದ ಕಾಳ್ಗಿಚ್ಚಿನಲ್ಲಿ 173 ಮಂದಿ ಮಡಿದರು. ಅಷ್ಟು ಸಿರಿವಂತ ದೇಶದಲ್ಲಿಯೂ ಎಷ್ಟೋ ಊರುಗಳಿಗೆ ಎಚ್ಚರಿಕೆಯು ಸಕಾಲಕ್ಕೆ ಮುಟ್ಟಲಿಲ್ಲವೆಂಬುದು ವಿಚಾರಣಾ ಆಯೋಗದ ಮುಂದೆ ಬಯಲಾಯಿತು. ಆ ಬಳಿಕ ಅಲ್ಲಿ ದೂರವಾಣಿಗಳಿಗೆ ನೇರವಾಗಿ ಎಚ್ಚರಿಕೆ ಕಳುಹಿಸುವ ಕ್ರಮವು ಬಂದಿತು. ದಿನದಿನದ ಅಪಾಯವನ್ನು ನಾಲ್ಕು ಮೆಟ್ಟಿಲುಗಳಲ್ಲಿ ಸಾರುವ ಪದ್ಧತಿಯು 2022ರಿಂದ ಆ ದೇಶಕ್ಕೆಲ್ಲ ಒಂದೇ ಆಗಿದೆ. ನಮ್ಮಲ್ಲಿಯೂ ಸಾಧನವಿಲ್ಲದಿಲ್ಲ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಒಮ್ಮೆಗೇ ಕೂಗಿಕೊಂಡು ಪರೀಕ್ಷಾರ್ಥದ ಸಂದೇಶವನ್ನು ತೋರಿಸಿದುದು ವಾಚಕರ ನೆನಪಿನಲ್ಲಿರಬಹುದು. ಬೆಚ್ಚಿಬಿದ್ದವರು ಅನೇಕರು, ನಕ್ಕವರೂ ಕೆಲವರು. ಅದೇ ಸಾಧನವನ್ನು ಜೋಗಿಮಟ್ಟಿಯ ಸುತ್ತಣ ಹತ್ತು ಊರುಗಳಿಗೆ, ಕನ್ನಡದಲ್ಲಿ, ಬೇಕಾದ ರಾತ್ರಿ ಉಪಯೋಗಿಸಲು ಅಡ್ಡಿಯೇನು? ಮೊಬೈಲಿಲ್ಲದವರಿಗೆ ಚಿತ್ರದುರ್ಗದ ಆಕಾಶವಾಣಿಯಿದೆ. ಬೆಳಿಗ್ಗೆ ಹಾಡು ಹಾಕಿಕೊಂಡು ಬೀದಿ ಸುತ್ತುವ ಪಂಚಾಯತಿಯ ಕಸದ ಗಾಡಿಯ ಧ್ವನಿವರ್ಧಕವಿದೆ. ಏನೂ ಇಲ್ಲದಿದ್ದರೆ ತಮಟೆಯಾದರೂ ಇದೆ.

ಅಧಿಕೃತವಾದ ಸುದ್ದಿಯು ಬಾರದ ಕಡೆ ಗಾಳಿಸುದ್ದಿಯು ಬರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರವು ಹೊತ್ತಿ, ಸುಮಾರು 4,400 ಹೆಕ್ಟೇರು ಕಾಡು ಸುಟ್ಟು, ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯುತ್ತಿದ್ದಾಗ, ಬೇರೆಲ್ಲಿಯೋ ತೆಗೆದ ಸುಟ್ಟ ಪ್ರಾಣಿಗಳ ಚಿತ್ರಗಳು ಬಂಡೀಪುರದವೆಂದು ಮನೆಮನೆಗೆ ಹರಡಿದುವು.

ಎಚ್ಚರಿಕೆಯಲ್ಲಿ ಏನು ಹೇಳಬೇಕೆಂಬುದೂ ಮುಖ್ಯ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಬೆಂಕಿಗೆ ಸಿಕ್ಕಿ ಸತ್ತರು. ಅದೂ ನಮ್ಮ ಗುಡ್ಡಗಳಂತೆ ಹುಲ್ಲಿನ ಇಳಿಜಾರು. ಬೆಂಕಿಯು ಏರಿನಲ್ಲಿ ವೇಗವಾಗಿ ಓಡತಕ್ಕದ್ದು. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅದರ ವೇಗವು ಸರಿಸುಮಾರಾಗಿ ಇಮ್ಮಡಿಸುವುದೆಂಬುದು ಬಲ್ಲವರ ಲೆಕ್ಕ. ಕೆಳಗಿನಿಂದ ಬೆಂಕಿ ಬರುತ್ತಿರುವಾಗ ಮೇಲಕ್ಕೆ ಓಡಬಾರದು. ಪಕ್ಕಕ್ಕೆ ಸರಿದು ಉತ್ತ ಹೊಲ, ಒಣಗಿದ ಕೆರೆಯಂಗಳ, ಬೋಳು ಬಂಡೆ ಅಥವಾ ಆಗಲೇ ಸುಟ್ಟು ಆರಿದ ನೆಲವನ್ನು ಸೇರಬೇಕು. ಮೈಮೇಲೆ ಹತ್ತಿ ಬಟ್ಟೆಯಿರಲಿ. ನೈಲಾನು ಕರಗಿ ಚರ್ಮಕ್ಕೆ ಅಂಟುತ್ತದೆ. ಕೊಟ್ಟಿಗೆಯ ದನಗಳ ಹಗ್ಗವನ್ನು ಮೊದಲು ಬಿಚ್ಚಬೇಕು, ಬಣವೆಯ ಯೋಚನೆ ಆಮೇಲೆ. ಬಣವೆಯ ಸುತ್ತ ನಾಲ್ಕಾರು ಮಾರು ನೆಲವನ್ನು ಸಂಕ್ರಾಂತಿಯ ಹೊತ್ತಿಗೇ ಕೆರೆದು ಬೋಳು ಮಾಡಿಟ್ಟಿದ್ದರೆ ಆ ಯೋಚನೆಯೂ ಅರ್ಧ ಕಡಿಮೆಯಾಗುತ್ತದೆ.

ಬೆಂಕಿಯು ಆರಿದ ಮೇಲೆ ನೆರವಿನ ಪ್ರಶ್ನೆ. ರಾಜ್ಯ ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಬರಗಾಲ ಪ್ರವಾಹಗಳಂತೆ ಬೆಂಕಿಯೂ ಒಂದು ವಿಪತ್ತೆಂದು ಎಣಿಸಲ್ಪಟ್ಟಿದೆ. ಪ್ರಾಣಹಾನಿಗೆ 4 ಲಕ್ಷ ರೂಪಾಯಿ; ಗಾಯಕ್ಕೆ, ಸತ್ತ ಜಾನುವಾರಿಗೆ, ಸುಟ್ಟ ಗುಡಿಸಲಿಗೆ ಬೇರೆ ಬೇರೆ ದರಗಳುಂಟು. ಇದು ಪಡೆಯಬೇಕಾದವನ ಕಿವಿಗೆ ಮುಟ್ಟಿಲ್ಲ. ಸುಟ್ಟ ಕುರಿಗಳನ್ನು ವಾಸನೆ ಬರುವುದೆಂದು ಅಂದೇ ಹೂಳಿದವನಿಗೆ, ಪಂಚನಾಮೆಯಿಲ್ಲದೆ, ಪಶುವೈದ್ಯರ ಪತ್ರವಿಲ್ಲದೆ ಯಾವ ತಹಶೀಲ್ದಾರರು ತಾನೆ ಹಣ ಕೊಟ್ಟಾರು? ಹೂಳುವುದಕ್ಕೆ ಮೊದಲು ಚಿತ್ರ ತೆಗೆದಿಡಬೇಕು, ಗ್ರಾಮ ಆಡಳಿತಾಧಿಕಾರಿಗೂ ಪಶುವೈದ್ಯರಿಗೂ ಹೇಳಿಕಳುಹಿಸಬೇಕು ಎಂಬೆರಡು ವಾಕ್ಯಗಳನ್ನು ಬರೆಯಿಸಲು ಪಂಚಾಯತಿಯ ಗೋಡೆಯಲ್ಲಿ ಒಂದು ಮೊಳ ಜಾಗವು ಸಾಕು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬೆಟ್ಟದಂಚಿನ ಪ್ರತಿಯೊಂದು ಪಂಚಾಯತಿಯೂ ಸಂಕ್ರಾಂತಿಗೆ ಮುಂಚೆ ಒಂದು ಗ್ರಾಮಸಭೆಯನ್ನು ಈ ವಿಷಯಕ್ಕಾಗಿಯೇ ಕೂಡಿಸುವಂತೆ ಜಿಲ್ಲಾ ಪಂಚಾಯತಿಯು ಆಜ್ಞೆ ಮಾಡಬೇಕೆಂದು ನಾವು ಸೂಚಿಸುತ್ತೇವೆ. ವಲಯದ ಅರಣ್ಯಾಧಿಕಾರಿಯು ಸ್ವತಃ ಬಂದು ಮುಖ ತೋರಿಸಲಿ; ಅವರ ದೂರವಾಣಿ ಸಂಖ್ಯೆಯನ್ನೂ 112 ಎಂಬುದನ್ನೂ ಶಾಲೆ, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿಗಳ ಗೋಡೆಗಳ ಮೇಲೆ ದೂರಕ್ಕೆ ಕಾಣುವಂತೆ ಬಣ್ಣದಲ್ಲಿ ಬರೆಯಿಸಲಿ. ಹಟ್ಟಿಗೊಬ್ಬರಂತೆ ಸುದ್ದಿ ಮುಟ್ಟಿಸುವವರನ್ನು ಸಭೆಯಲ್ಲಿಯೇ ಗೊತ್ತುಮಾಡಲಿ. ಕುರಿಗಾಹಿಗಳನ್ನು ಆ ಕೆಲಸಕ್ಕೆ ಮೊದಲು ಕರೆಯಲಿ. ಇದಕ್ಕೆ ತಗಲುವ ವೆಚ್ಚವು ಬಣ್ಣದ ಡಬ್ಬಿಯೊಂದರದು, ಒಂದು ಮಧ್ಯಾಹ್ನದ ಕಾಲದ್ದು. ಯಾವ ಪಂಚಾಯತಿಗಳಲ್ಲಿ ಸಭೆ ನಡೆಯಿತು, ಯಾವುವುಗಳಲ್ಲಿ ನಡೆಯಲಿಲ್ಲ ಎಂಬುದನ್ನು ಊರಿನವರು ಬರೆದು ತಿಳಿಸಿದರೆ ನಾವು ಅದನ್ನು ಶಿವರಾತ್ರಿಗೆ ಮೊದಲೇ ಪ್ರಕಟಿಸುತ್ತೇವೆ.